ಪ್ರೋಷಧೋಪವಾಸವೂ ಮೂತ್ರಪಿಂಡಗಳ ಕಾರ್ಯವೂ

ಸಪ್ತಮಿಯ ಏಕಭುಕ್ತದಿಂದ ನವಮಿಯ ಪಾರಣೆಯವರೆಗೆ ಹದಿನಾರು ಪ್ರಹರ, ಅಂದರೆ 48 ಗಂಟೆಗಳ ಕಾಲ, ಚತುರ್ವಿಧಾಹಾರವನ್ನು ತ್ಯಜಿಸುವುದು ಉತ್ತಮ ಪ್ರೋಷಧೋಪವಾಸವೆನಿಸುತ್ತದೆ. ಆಗ ನೀರೂ ತ್ಯಾಜ್ಯವೇ. ಆದರೆ ಶರೀರವು ನೀರನ್ನು ಹೊರಬಿಡುವುದನ್ನು ನಿಲ್ಲಿಸುವುದಿಲ್ಲ. ಅದರ ಕ್ರಮವನ್ನು ವ್ರತಿಕರು ಅರಿತಿರಬೇಕಾದುದು ಅವಶ್ಯ.

ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಸುಮಾರು 11 ಸೆಂಟಿಮೀಟರು ಉದ್ದದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಶೋಧಕಗಳು. ನೀರನ್ನು ದಿನವೂ ಬಟ್ಟೆಯಲ್ಲಿ ಸೋಸುವ ಶ್ರಾವಿಕೆಯರಿಗೆ ಶೋಧನೆಯೆಂದರೇನೆಂದು ಹೇಳಬೇಕಾಗಿಲ್ಲ. ಆದರೆ ಇಲ್ಲಿಯದು ವಿಶೇಷ ಶೋಧನೆ. ದಿನಕ್ಕೆ ಸುಮಾರು 180 ಲೀಟರು ದ್ರವವು ರಕ್ತದಿಂದ ಸೋಸಲ್ಪಟ್ಟು, ಅದರಲ್ಲಿ ನೂರಕ್ಕೆ 99 ಪಾಲು ಮರಳಿ ರಕ್ತವನ್ನೇ ಸೇರುತ್ತದೆ. ಉಳಿದ ಒಂದೂವರೆ ಲೀಟರಿನಷ್ಟು ಮಾತ್ರ ಯೂರಿಯಾ ಮೊದಲಾದ ಕಲ್ಮಷಗಳೊಡನೆ ಮೂತ್ರನಾಳಗಳ ಮೂಲಕ ಮೂತ್ರಾಶಯಕ್ಕೆ ಇಳಿಯುತ್ತದೆ.

ನೀರು ಕುಡಿಯದಿರುವಾಗ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಒಂದು ಹಾರ್ಮೋನು ಸ್ರವಿಸಿ, ಇನ್ನಷ್ಟು ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳನ್ನು ಪ್ರೇರಿಸುತ್ತದೆ. ಉಪವಾಸದ ದಿನ ಮೂತ್ರವು ಕಡಿಮೆಯಾಗಿ ಕಡುಹಳದಿಯಾಗುವುದು ಇದರಿಂದಲೇ. ಈ ಉಳಿತಾಯಕ್ಕೂ ಮಿತಿಯಿದೆ. ಕಲ್ಮಷವನ್ನು ಹೊರಹಾಕಲು ದಿನಕ್ಕೆ ಸಾಮಾನ್ಯವಾಗಿ ಅರ್ಧ ಲೀಟರು ಮೂತ್ರವಾದರೂ ಬೇಕು; ಉಸಿರು, ಬೆವರುಗಳ ವ್ಯಯ ಬೇರೆ. ಮರಿಯಮ್ಮನಹಳ್ಳಿ, ಹೊಸಪೇಟೆ, ಸಂಡೂರುಗಳ ಕಡೆ ಫಾಲ್ಗುಣದ ಅಷ್ಟಾಹ್ನಿಕದ ವೇಳೆಗೇ ಬಿಸಿಲು ಏರಿರುತ್ತದೆ. ತುಂಗಭದ್ರೆಯ ಹಿನ್ನೀರು ಮಗ್ಗುಲಲ್ಲಿದ್ದರೂ ಬೆವರು ತಪ್ಪದು.

ವಯಸ್ಸಾದಂತೆ ನೀರನ್ನು ಉಳಿಸಿಕೊಳ್ಳುವ ಶಕ್ತಿ ಕುಂದುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಮೂತ್ರವು ಗಟ್ಟಿಯಾದಷ್ಟೂ ಅದರೊಳಗಣ ಲವಣಗಳು ಹರಳುಗಟ್ಟಿ ಕಲ್ಲಾಗುವ ಸಂಭವ ಹೆಚ್ಚು. ಮಧುಮೇಹಿಗಳೂ ರಕ್ತದೊತ್ತಡಕ್ಕೆ ಮೂತ್ರವರ್ಧಕ ಗುಳಿಗೆ ಸೇವಿಸುವವರೂ ವೈದ್ಯರನ್ನು ಕೇಳದೆ ನಿರ್ಜಲ ಉಪವಾಸಕ್ಕೆ ತೊಡಗಲಾಗದು. ಹಿರಿಯರು ಮನೆಯವರಿಂದ ಕಾಯಿಲೆಯನ್ನು ಮರೆಮಾಚಿ ನಿಯಮ ತೆಗೆದುಕೊಳ್ಳುವುದುಂಟು. ಅದನ್ನು ತಪಸ್ಸೆನ್ನುವುದು ಹೇಗೆ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ವಸುನಂದಿ ಆಚಾರ್ಯರ ಶ್ರಾವಕಾಚಾರದಲ್ಲಿ ನೀರನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಮೂರು ಬಗೆಯ ಆಹಾರವನ್ನು ಬಿಡುವ ಮಧ್ಯಮ ಪ್ರೋಷಧವೂ ವಿಹಿತವಾಗಿದೆ. ಅಶಕ್ತರು ಇದನ್ನು ಆರಿಸಿಕೊಂಡರೆ ವ್ರತಭಂಗದ ಮಾತೇ ಇಲ್ಲ.

ಪೂಜೆ, ಸ್ವಾಧ್ಯಾಯಗಳ ನಡುವೆ ಏಳಬಾರದೆಂದು ಮೂತ್ರವನ್ನು ಗಂಟೆಗಟ್ಟಲೆ ತಡೆಯುವುದೂ ಸಲ್ಲದು. ನಿರ್ಜಂತುಕ ಸ್ಥಳದಲ್ಲಿ ಮಲಮೂತ್ರ ವಿಸರ್ಜಿಸುವ ಉತ್ಸರ್ಗ ಸಮಿತಿಯು ಮುನಿಗಳಿಗೂ ಹೇಳಲ್ಪಟ್ಟಿದೆ. ಬಹಳ ಹೊತ್ತು ಮೂತ್ರವೇ ಆಗದೆ ತಲೆ ತಿರುಗಿದರೆ, ಮಾತು ತಡವರಿಸಿದರೆ, ಪಾರಣೆಯ ಹೊತ್ತನ್ನು ಕಾಯದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಧಾರಣೆಯ ದಿನ ಪ್ರಾಸುಕ ಜಲವನ್ನು ಸಾಕಷ್ಟು ಸೇವಿಸುವುದು ಹಿತವೇ. ಆದರೆ ಒಮ್ಮೆಗೇ ಕುಡಿದ ಹೆಚ್ಚುವರಿ ನೀರನ್ನು ಮೂತ್ರಪಿಂಡಗಳು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತವೆ. ಮರುದಿನಕ್ಕೆಂದು ಅದನ್ನು ಕೂಡಿಡುವ ಏರ್ಪಾಡು ಶರೀರದಲ್ಲಿಲ್ಲ.