ಏರಿಲ್ಲದ ದಾರಿ, ಎಟುಕುವ ಹಸಿರು

ಮೊಣಕಾಲು ನೋವಿದ್ದವರಿಗೆ, ಊರುಗೋಲು ಹಿಡಿದವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ನಿಸರ್ಗ ಎಂದರೆ ಗುಡ್ಡ ಹತ್ತುವುದೇ ಆಗಬೇಕಿಲ್ಲ. ಹಾವೇರಿ ಹೆಚ್ಚಾಗಿ ಬಯಲುಸೀಮೆಯ ಜಿಲ್ಲೆ. ಸಮತಟ್ಟಾದ ನೆಲವೇ ಇಲ್ಲಿನ ಸಿರಿ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಗುಡ್ಡಗಳೂ ಇವೆ, ನಿಜ. ಆದರೆ ಕೃಷ್ಣಮೃಗ ಬಯಲನ್ನೇ ಮೆಚ್ಚುವ ಪ್ರಾಣಿ. ಹಾಗಾಗಿ ಅದನ್ನು ನೋಡಲು ಏರು ಹತ್ತಬೇಕಿಲ್ಲ. ಬೆಳಗಿನ ತಂಪಿನಲ್ಲಿ ವಾಹನದಲ್ಲಿ ಕುಳಿತೇ ಕಣ್ಣಾಡಿಸಬಹುದು. ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ಅನುಮತಿಯ ಜೊತೆಗೆ ಇನ್ನೂ ಮೂರು ಸಂಗತಿ ಕೇಳಿ: ವಾಹನ ಎಲ್ಲಿಯವರೆಗೆ ಹೋಗುತ್ತದೆ, ಕೂರಲು ನೆರಳಿದೆಯೇ, ಶೌಚಾಲಯಕ್ಕೆ ಮೆಟ್ಟಿಲಿದೆಯೇ.

ಹಾವೇರಿಯವರಿಗೆ ಹೆಗ್ಗೇರಿ ಕೆರೆ ಹತ್ತಿರವೇ ಇದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ನೆನಪಿನ ಜೊತೆಗೆ ಕೆರೆಯೂ ಉದ್ಯಾನವೂ ಇವೆ. ಎರಡೂ ಕಡೆ ಮನೆಯವರೊಬ್ಬರು ಮೊದಲು ಹೋಗಿ ದಾರಿ ನೋಡಿ ಬರುವುದು ಒಳ್ಳೆಯದು.

ಮಳೆಗಾಲದಲ್ಲಿ ಮಾತ್ರ ಎರೆಮಣ್ಣಿನ ದಾರಿ ಬೇಡವೇ ಬೇಡ. ಒದ್ದೆ ಎರೆ ಗಾಲಿಗೆ, ಕೋಲಿನ ತುದಿಗೆ, ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ, ಜಾರುತ್ತದೆ. ಉಬ್ಬಸ ಇದ್ದವರು ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ಬದಿಯ ದಾರಿ ಬಿಡಲಿ; ಆ ಘಾಟು ಗಂಟಲಿಗೆ ಒಗ್ಗದು.

ಗಾಲಿಕುರ್ಚಿಗೆ ಇಳಿಜಾರು ದಾರಿಯಾಗಲಿ, ಹಿಡಿದುಕೊಳ್ಳಲು ಕಂಬಿಯಾಗಲಿ ಇಲ್ಲದ ಉದ್ಯಾನ ಕಂಡರೆ ನಗರಸಭೆಗೆ ಅರ್ಜಿ ಕೊಡಿ. ಸಾರ್ವಜನಿಕ ಸೌಲಭ್ಯಗಳು ಅಂಗವಿಕಲರಿಗೂ ಎಟುಕಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ.