ಅಡ್ರಿನಲಿನ್: ಕೀಲಿ ಒಂದೇ, ಬೀಗ ಬೇರೆ ಬೇರೆ

ವೈವಾ ಹತ್ತಿರ ಬಂತು ಅಂದ್ರೆ ನಮ್ಮೆಲ್ಲರ ಎದೆ ಡವಡವ ಹೊಡೆದುಕೊಳ್ಳುತ್ತೆ, ಕೈ ನಡುಗುತ್ತೆ. 'ಅಡ್ರಿನಲಿನ್ ರಶ್' ಅಂತ ಹೇಳಿ ಸುಮ್ಮನಾಗ್ತೀವಿ. ಅದೇ ಅಡ್ರಿನಲಿನ್ ಆಸ್ಪತ್ರೆಯಲ್ಲಿ ಜೀವ ಉಳಿಸುವ ಔಷಧಿಯೂ ಹೌದು. ಇದು ಹೇಗೆ ಸಾಧ್ಯ ಅಂತ ನೋಡೋಣ.

ನಮ್ಮ ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅದರ ಒಳಭಾಗದಲ್ಲಿ ಅಡ್ರಿನಲಿನ್ ತಯಾರಾಗುತ್ತದೆ. ಇದಕ್ಕೆ ಕಚ್ಚಾವಸ್ತು ಟೈರೋಸಿನ್ ಎಂಬ ಅಮೈನೋ ಆಮ್ಲ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನಿನಲ್ಲಿ ಸಿಗುತ್ತದೆ. ಟೈರೋಸಿನ್‌ನಿಂದ ಡೋಪಾ, ಡೋಪಾದಿಂದ ಡೋಪಮೈನ್, ಅದರಿಂದ ನಾರ್‌ಅಡ್ರಿನಲಿನ್. ಇದಕ್ಕೆ ಒಂದು ಮಿಥೈಲ್ ಗುಂಪು ಸೇರಿದರೆ ಅಡ್ರಿನಲಿನ್ ರೆಡಿ. ಒಂದು ಅಣುವಿನಲ್ಲಿ 9 ಕಾರ್ಬನ್, 13 ಹೈಡ್ರೋಜನ್, 1 ನೈಟ್ರೋಜನ್, 3 ಆಕ್ಸಿಜನ್, ಅಷ್ಟೇ!

1900ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ವಿಜ್ಞಾನಿ ಜೋಕಿಚಿ ತಕಮಿನೆ ಮತ್ತು ಅವರ ಸಹಾಯಕ ಕೀಜೋ ಉಎನಾಕ ಇದನ್ನು ಪ್ರಾಣಿಗಳ ಗ್ರಂಥಿಯಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1904ರಲ್ಲಿ ಜರ್ಮನಿಯ ಫ್ರೀಡ್ರಿಕ್ ಸ್ಟೋಲ್ಜ್ ಗ್ರಂಥಿಯ ಹಂಗಿಲ್ಲದೆ ಲ್ಯಾಬಿನಲ್ಲೇ ತಯಾರಿಸಿದರು.

ಆದ್ರೆ ಒಂದೇ ಅಣು ಒಂದು ಕಡೆ ರಕ್ತನಾಳವನ್ನು ಬಿಗಿ ಮಾಡುತ್ತೆ, ಇನ್ನೊಂದು ಕಡೆ ಶ್ವಾಸನಾಳವನ್ನು ಸಡಿಲ ಮಾಡುತ್ತೆ. ಯಾಕೆ? 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಕೊಟ್ಟ ಉತ್ತರ: ವ್ಯತ್ಯಾಸ ಇರೋದು ಹಾರ್ಮೋನಿನಲ್ಲಲ್ಲ, ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಲ್ಲಿ. ಅವರು ಇವುಗಳನ್ನು ಆಲ್ಫಾ, ಬೀಟಾ ಅಂತ ಎರಡು ಬಗೆ ಮಾಡಿದರು. ಅಡ್ರಿನಲಿನ್ ಜೀವಕೋಶದ ಒಳಗೆ ಹೋಗಬೇಕಾಗಿಲ್ಲ. ಹೊರಗಿನ ರಿಸೆಪ್ಟರ್‌ಗೆ ಅಂಟಿಕೊಂಡರೆ ಸಾಕು, ಒಳಗೆ ಸಿಗ್ನಲ್ ಆಂಪ್ಲಿಫೈ ಆಗುತ್ತಾ ಹೋಗುತ್ತದೆ.

ಇದು ಗೊತ್ತಿದ್ದರೆ ಅನಾಫಿಲ್ಯಾಕ್ಸಿಸ್ ಅರ್ಥವಾಗುತ್ತದೆ. ಜೇನುಹುಳು ಕಚ್ಚಿದಾಗ, ಕಡಲೆಕಾಯಿ ತಿಂದಾಗ ಕೆಲವರಿಗೆ ಆಗುವ ಭಾರೀ ಅಲರ್ಜಿ ಇದು. ರಕ್ತನಾಳಗಳು ಸಡಿಲವಾಗಿ ಬಿಪಿ ಬೀಳುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅಡ್ರಿನಲಿನ್ ಮಾಡೋದು ಇದಕ್ಕೆ ಸರಿಯಾಗಿ ಉಲ್ಟಾ: ಆಲ್ಫಾ ಮೂಲಕ ರಕ್ತನಾಳ ಬಿಗಿಯಾಗುತ್ತೆ, ಬೀಟಾ ಮೂಲಕ ಹೃದಯ ಜೋರಾಗಿ ಬಡಿಯುತ್ತೆ, ಉಸಿರಿನ ದಾರಿ ತೆರೆಯುತ್ತೆ. ಅದಕ್ಕೇ ತೊಡೆಯ ಹೊರಭಾಗದ ಸ್ನಾಯುವಿಗೆ ಇಂಜೆಕ್ಷನ್ ಕೊಡುತ್ತಾರೆ. ನುಂಗಿದರೆ ಕರುಳು, ಲಿವರ್ ಅದನ್ನು ಒಡೆದುಹಾಕುತ್ತವೆ. ಸಾಮಾನ್ಯ ಅಲರ್ಜಿ ಮಾತ್ರೆ ತುರಿಕೆ ಕಡಿಮೆ ಮಾಡಬಹುದು, ಆದರೆ ಬಿದ್ದ ಬಿಪಿಯನ್ನು ಎತ್ತೋದಿಲ್ಲ.

ಹಾಗಾಗಿ ಕಚ್ಚಿಸಿಕೊಂಡ ಸ್ನೇಹಿತರಿಗೆ ಉಸಿರು ಕಟ್ಟುತ್ತಿದ್ದರೆ, ತಲೆ ಸುತ್ತುತ್ತಿದ್ದರೆ 'ಮಾತ್ರೆ ತಗೊಂಡು ನೋಡೋಣ' ಅಂತ ಕಾಯೋದು ಬೇಡ. ತಕ್ಷಣ 108ಕ್ಕೆ ಫೋನ್ ಮಾಡೋಣ.