ವಂಶದ ಲೆಕ್ಕದಲ್ಲಿ ಅಜ್ಜಿ ಎಲ್ಲಿ?

ಪ್ರಶ್ನೆ: ನನಗೆ 41 ವರ್ಷ. ಹೆಸರಘಟ್ಟದಲ್ಲಿ ಟೊಮೆಟೊ, ಹೂವು ಬೆಳೆಯುತ್ತೇನೆ. ಅಪ್ಪ 52ಕ್ಕೆ, ಚಿಕ್ಕಪ್ಪ 49ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದರು. ಇಬ್ಬರೂ ಬೀಡಿ ಸೇದುತ್ತಿದ್ದರು, ನಾನು ಮುಟ್ಟಿಲ್ಲ. ‘ನಮ್ಮ ವಂಶದ ಗಂಡಸರಿಗೆ ಅರವತ್ತು ದಾಟುವ ಯೋಗವಿಲ್ಲ’ ಎಂದು ಅಪ್ಪನ ತಾಯಿ, 88 ವರ್ಷದ ನಮ್ಮಜ್ಜಿ, ಹೇಳುತ್ತಿರುತ್ತಾರೆ. ಮನೆಸಾಲ ತೆಗೆಯಲೂ ಭಯ. ಆಯಸ್ಸು ತಿಳಿಸುವ ಜೀನ್ ಪರೀಕ್ಷೆ ಮಾಡಿಸಲೇ?

ಉತ್ತರ: ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿಯ ಬಾಯಲ್ಲಿ ಆ ಮಾತು ಬರುವುದು ಸಹಜ. ಆದರೆ ನಿಮ್ಮ ಲೆಕ್ಕದಲ್ಲಿ ಆ ಅಜ್ಜಿಯೇ ಇಲ್ಲವಲ್ಲ! ನಿಮ್ಮ ವಂಶವಾಹಿಗಳಲ್ಲಿ ಸುಮಾರು ಕಾಲುಭಾಗ ಅವರದು, ಅರ್ಧ ನಿಮ್ಮ ಅಮ್ಮನದು. ಅಮ್ಮನ ಕಡೆಯವರು ಎಷ್ಟು ಕಾಲ ಬಾಳಿದರೆಂದು ನೀವು ಒಂದು ಸಾಲೂ ಬರೆದಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಡುಗರಾಗಿದ್ದಾಗಲೇ ಅವರ ತಂದೆ ತೀರಿಕೊಂಡಿದ್ದರು. ಆದರೂ ವಿಶ್ವೇಶ್ವರಯ್ಯನವರು ನೂರು ದಾಟಿ, 1962ರವರೆಗೆ ಬದುಕಿದರು.

ಆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಫಾಕ್ಸೋ-3 ಎಂಬ ಜೀನಿನ ಒಂದು ರೂಪ ದೀರ್ಘಾಯುಷಿಗಳಲ್ಲಿ ಹೆಚ್ಚಾಗಿರುವುದನ್ನು 2008ರಲ್ಲಿ ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ ಗುರುತಿಸಿದರು, ನಿಜ. ಆದರೆ ಅದನ್ನು ನೋಡಿ ಒಬ್ಬರ ಆಯಸ್ಸು ಇಷ್ಟೇ ಎಂದು ಹೇಳಲಾಗದು. ಡೆನ್ಮಾರ್ಕಿನ ಅವಳಿಗಳ 1996ರ ಅಧ್ಯಯನ ಆಯಸ್ಸಿನ ವ್ಯತ್ಯಾಸದಲ್ಲಿ ಜೀನುಗಳ ಪಾಲು ಸುಮಾರು ಕಾಲುಭಾಗ ಎಂದಿತು. ಆ ಪಾಲು ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ. ನಿಮ್ಮೂರಿನ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊಗೆ ಮೂರು ರೋಗ ತಡೆಯುವ ಗುಣ ಬೀಜದಲ್ಲೇ ಇದೆ. ಆದರೂ ಗಿಡ ಎಷ್ಟು ದಿನ ಫಸಲು ಕೊಡುತ್ತದೆಂಬುದನ್ನು ನೀರು, ಗೊಬ್ಬರ, ಆರೈಕೆ ನೋಡದೆ ನೀವು ಹೇಳುವಿರಾ?

ಹಾಗೆಂದು ನಿಮ್ಮ ಭಯ ಸುಳ್ಳಲ್ಲ. ತಂದೆಗೆ 55ರೊಳಗೆ ಹೃದಯಾಘಾತವಾಗಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ಹೃದಯ ಸ್ನಾಯುವಿನ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವ ರೂಪವೊಂದು ಸುಮಾರು 4% ಭಾರತೀಯರಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸಂಗಡಿಗರೂ 2009ರಲ್ಲಿ ತೋರಿಸಿದರು. ಹೃದಯಾಘಾತದ ಮಾತು ಬೇರೆ, ಇದು ನಡುವಯಸ್ಸಿನ ಮೇಲೆ ಸ್ನಾಯುವನ್ನೇ ದುರ್ಬಲಗೊಳಿಸಬಹುದು. ಎಲ್ಲರಲ್ಲೂ ಅಲ್ಲ. ದುರ್ಬಲವಾಗಿದೆಯೇ ಎಂಬುದು ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಕಾಣುತ್ತದೆ.

ಈ ತಿಂಗಳೇ ಹೃದ್ರೋಗ ವೈದ್ಯರಿಗೆ ಅಪ್ಪ, ಚಿಕ್ಕಪ್ಪನ ವಯಸ್ಸು ಹೇಳಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ, ಎಕೋ ಮಾಡಿಸಿ. ರಕ್ತದಲ್ಲಿನ ಲಿಪೋಪ್ರೋಟೀನ್-ಎ ಪ್ರಮಾಣ ಹೆಚ್ಚಾಗಿ ಹುಟ್ಟಿನಿಂದಲೇ ನಿಗದಿಯಾಗಿರುವುದರಿಂದ ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ದಾಟಿದ್ದರೆ ಅದು ವಂಶದಿಂದ ಬಂದದ್ದಿರಬಹುದು; ಹಾಗಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ. ಹಾಗೆ ಬಂದದ್ದಕ್ಕೂ ಮಾತ್ರೆಯಿದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಎದೆ ಹಿಡಿದಂತಾದರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕಂತು ಕಟ್ಟುವ ಶಕ್ತಿಯಿದ್ದರೆ ಮನೆಸಾಲ ತೆಗೆಯಿರಿ. ಜೊತೆಗೊಂದು ಟರ್ಮ್ ಇನ್ಶೂರೆನ್ಸ್ ಇರಲಿ. ಅರ್ಜಿಯಲ್ಲಿ ಮನೆತನದ ಕಾಯಿಲೆಯನ್ನು ಮುಚ್ಚಿಡಬೇಡಿ.